ಒರೆಗೈ

ಒಂದೇ ಹಿಟ್ಟು, ಒಂದೇ ನೀರು, ಒಂದೇ ಒಲೆ. ಆದರೂ ಒಬ್ಬಳು ಬಡಿದ ರೊಟ್ಟಿ ಉಬ್ಬಿ ನಿಲ್ಲುತ್ತದೆ, ಇನ್ನೊಬ್ಬಳದು ಚಪ್ಪಲಿಯ ಅಟ್ಟೆಯಾಗುತ್ತದೆ. ಯಾಕೆ ಎಂದರೆ ಕೈಗುಣ ಎಂದುಬಿಡುತ್ತೇವೆ. ಹಾಗೆಂದ ಮೇಲೆ ಮುಂದೆ ಯಾರೂ ಬಾಯಿ ತೆರೆಯುವಂತಿಲ್ಲ. ಆ ಗುಣ ಕೈಯಲ್ಲಿ ಎಲ್ಲಿ ಕೂತಿದೆ, ಒಂದು ಕೈಯಿಂದ ತೆಗೆದು ಇನ್ನೊಂದು ಕೈಗೆ ಕೊಡಲಾದೀತೇ ಎಂದು ಪಟ್ಟು ಹಿಡಿದು ಕೇಳಿದವರು ಧಾರವಾಡದ ಪ್ರೊಫೆಸರ್ ವಿರೂಪಾಕ್ಷ ಹಂಚಿನಾಳರು.

ಆದೀತು ಎಂದು ತೋರಿಸಿಯೂ ಬಿಟ್ಟರು. ಅವರು ಮಾಡಿದ್ದು ಮುಂಗೈಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಲೋಹದ ಗುಂಡುಗಳು. ಪಳಗಿದವರ ಕೈಗೆ ಕಟ್ಟಿದರೆ ಏನು ತಾಗಿದಾಗ ಯಾವ ಸ್ನಾಯು ಎಷ್ಟು ಬಿಗಿಯಿತು, ಎಷ್ಟು ಸಡಿಲಾಯಿತು ಎಂಬುದನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತದೆ. ಕಲಿಯುವವರ ಕೈಗೆ ಕಟ್ಟಿದರೆ ಅದೇ ಪ್ರಕಾರ ಸ್ನಾಯುಗಳನ್ನು ಸಣ್ಣಗೆ ಚುಚ್ಚಿ ಎಬ್ಬಿಸುತ್ತದೆ. ಕಟ್ಟಿಕೊಂಡವರಿಗೆ ಯಾರೋ ಹಿಂದೆ ನಿಂತು ಕೈ ಹಿಡಿದು ತಿದ್ದಿಸಿದಂತಾಗುತ್ತದೆ. ಆ ಎಳೆತಕ್ಕೆ ಲ್ಯಾಬಿನವರು ಇಟ್ಟ ಹೆಸರು ‘ಜಗ್ಗು’. ಬೇರೆಯವರ ಕೈ ಜಗ್ಗುತ್ತದೆ. ತನ್ನ ಕೈಯನ್ನು ತಾನೇ ಕಟ್ಟಿಕೊಂಡರೆ ಜಗ್ಗೇ ಇರುವುದಿಲ್ಲ, ಅಳೆಯುವ ಮುಳ್ಳು ಸೊನ್ನೆ ಬಿಟ್ಟು ಅಲುಗುವುದಿಲ್ಲ.

ಕಂಪನಿಗಳು ಕೋಟಿ ಹಿಡಿದುಕೊಂಡು ಬಂದವು. ಹಂಚಿನಾಳರು ಬಾಗಿಲಲ್ಲೇ ಚಹಾ ಕೊಟ್ಟು ಕಳಿಸಿದರು. ಪಟ್ಟಿಯ ನಕ್ಷೆ, ಕೋಡ್ ಎಲ್ಲವನ್ನೂ ಜಗತ್ತಿಗೆ ತೆರೆದಿಟ್ಟರು. ಯಾರು ಬೇಕಾದರೂ ಮಾಡಿಕೊಳ್ಳಿ, ತಿದ್ದಿ, ಹಂಚಿ. ‘ಕೈಗುಣ’ ಎಂಬ ಆ ಯೋಜನೆಗೆ ಎಲ್ಲೆಲ್ಲಿಯವರೋ ಬಂದು ಕೂಡಿಕೊಂಡರು. ಹಸುಗೂಸಿನ ನರ ಹುಡುಕುವ ನರ್ಸ್, ಬುಟ್ಟಿ ಹೆಣೆಯುವವರು, ಹಲ್ಲಿನ ಡಾಕ್ಟರು, ಎಲ್ಲರ ಕೈಯೂ ಅದರಲ್ಲಿ ಸೇರಿತು. ಅದಕ್ಕೊಂದು ನಿಯಮವಿತ್ತು: ಕೈಗೆ ಹೆಸರಿಲ್ಲ. ಕೊಟ್ಟವರು ಯಾರೆಂದು ಎಲ್ಲಿಯೂ ಬರೆಯುವಂತಿಲ್ಲ, ಕೊಟ್ಟದ್ದನ್ನು ಹಿಂದಕ್ಕೆ ಕೇಳುವಂತಿಲ್ಲ. ಮೊದಮೊದಲು ಕೆಲವರು ಅಡುಗೆಯ ಕೈ ಯಾವ ಜಾತಿಯವರದು ಎಂದು ಕೇಳಿಕೊಂಡು ಬಂದಿದ್ದರು. ಅದನ್ನು ಕೇಳಿ ಮೈ ಉರಿದು ಆ ನಿಯಮವನ್ನು ಬರೆದವಳು ಇಂದುಮತಿ ಬಳಿಗಾರ.

ಈ ಕಥೆ ಅವಳದು. ಸಪ್ತಾಪುರದ ಹೆಂಚಿನ ಮನೆಯಲ್ಲಿ ಲ್ಯಾಬ್ ಶುರುವಾದ ದಿನದಿಂದ ಕಸ ಗುಡಿಸುವುದರಿಂದ ಕೋಡ್ ತಿದ್ದುವವರೆಗೆ ಎಲ್ಲವನ್ನೂ ಮಾಡಿದವಳು. ಒಂದು ಕೆಲಸ ಮಾತ್ರ ಅವಳದಲ್ಲ. ಜಗತ್ತಿನ ಯಾವ ಮೂಲೆಯಿಂದ ಯಾವ ಬದಲಾವಣೆ ಬಂದರೂ ಅದನ್ನು ಪಟ್ಟಿಗೆ ತುಂಬಿ, ಹಂಚಿನಾಳ ಸರ್ ತಮ್ಮ ಕೈಗೆ ಕಟ್ಟಿಕೊಂಡು ನೋಡುತ್ತಿದ್ದರು. ಸೂಜಿಗೆ ದಾರ ಪೋಣಿಸುವುದು, ತಂಬಿಗೆಯಿಂದ ಬಾಟಲಿಗೆ ನೂಲಿನಷ್ಟು ಧಾರೆಯಲ್ಲಿ ನೀರು ಸುರಿಯುವುದು, ಹಿಟ್ಟು ನಾದುವುದು. ಆಮೇಲೆ ಮೇಜಿನ ಮೇಲಿನ ಹಿಡಿಕೆಯನ್ನು ಬಲಕ್ಕೆ ತಿರುಗಿಸಿದರೆ ಒಪ್ಪಿಗೆ, ಎಡಕ್ಕೆ ತಿರುಗಿಸಿದರೆ ವಾಪಸ್. ಒರೆಗಲ್ಲಿಗೆ ಬಂಗಾರ ತಿಕ್ಕಿದಂತೆ. ಜನ ಅದನ್ನು ಸರ್ ಅವರ ‘ಒರೆಗೈ’ ಎಂದೇ ಕರೆಯುತ್ತಿದ್ದರು. ಧಾರವಾಡದ ಆ ಹಿಡಿಕೆ ಬಲಕ್ಕೆ ತಿರುಗಿದರೆ ಲಕ್ಷಾಂತರ ಕೈಗಳ ಮೇಲಿನ ಪಟ್ಟಿಗಳು ಹೊಸದನ್ನು ತಾವೇ ಇಳಿಸಿಕೊಳ್ಳುತ್ತಿದ್ದವು. ಕದ್ದು ತಿದ್ದುವವರ ಕಾಟಕ್ಕೆ ಮಾಡಿದ ಏರ್ಪಾಡು ಅದು. ಹೊಸದನ್ನು ಒಲ್ಲೆನೆಂದ ಪಟ್ಟಿ ಅಂದೇ ಸುಮ್ಮನಾಗಿಬಿಡುತ್ತಿತ್ತು.

ಈಗ ಸರ್ ಇಳಿಯುತ್ತೇನೆ ಎಂದಿದ್ದರು. ಅವರ ಜಾಗಕ್ಕೆ ಯಾರು ಎಂದು ಯಾರೂ ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಆ ಬೆಳಿಗ್ಗೆ ಅವ್ವ ನೀಲವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೂವತ್ತು ವರ್ಷ ಖಾನಾವಳಿ ನಡೆಸಿದ ಹೆಂಗಸು. ನಾಲ್ಕು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಜೋತುಬಿದ್ದಿತ್ತು. ಪುಣ್ಯಕ್ಕೆ ಅದಕ್ಕೂ ಮೊದಲೇ ಇಂದುಮತಿ ಅವ್ವನ ಕೈಯನ್ನು ಪಟ್ಟಿಗೆ ಇಳಿಸಿಕೊಂಡಿದ್ದಳು. ಈಗ ಅವ್ವನ ಸೋತ ಕೈಯನ್ನು ಅವ್ವನದೇ ಹಳೆಯ ಕೈ ಬೇರೆಯವರ ಕೈಯಂತೆ ಜಗ್ಗುತ್ತ ಊರುಗೋಲಾಗಿತ್ತು. ರೊಟ್ಟಿ ಮೊದಲಿನಷ್ಟು ದುಂಡಗೆ ಬರುತ್ತಿರಲಿಲ್ಲ, ಆದರೂ ರೊಟ್ಟಿಯೇ.

“ಇವತ್ತ ಪಟ್ಟಕ್ಕ ಕೂಡಾಕಿ, ಒಂದು ಚಲೋ ಸೀರಿ ಉಟ್ಗೊಂಡು ಹೋಗಬಾರದೇನ?” ಎಂದಳು ಅವ್ವ.

“ಪಟ್ಟ ಎಲ್ಲೀದವ್ವಾ. ಇದ್ದ ಕೆಲಸದ ಮ್ಯಾಲ ಇನ್ನೊಂದಿಷ್ಟು ಕೆಲಸ.”

“ಹಂಗಂತ ಬಾಯ್ಲೆ ಅಂತಿ. ಮಾರಿ ಬ್ಯಾರೇನ ಹೇಳತೈತಿ.”

ಇಂದುಮತಿ ನಕ್ಕಳು. ಆಸೆ ಇತ್ತು, ಯಾಕೆ ಸುಳ್ಳು ಹೇಳಬೇಕು? ಪಟ್ಟದ ಆಸೆಗಿಂತ ಹೆಚ್ಚಾಗಿ ಒಂದು ಬದಲಾವಣೆಯ ಆಸೆ. ಅವ್ವನಂಥ ಸೋತ ಕೈಗಳಿಗೆ ಜಗ್ಗು ಇನ್ನೂ ಮೆತ್ತಗಿರಬೇಕು, ಕೈ ಬಾರದಿದ್ದರೆ ಪಟ್ಟಿಯೇ ಬಿಟ್ಟುಕೊಡಬೇಕು ಎಂದು ಅವಳು ‘ಸಡಿಲ’ ಎಂಬ ಬದಲಾವಣೆ ಬರೆದಿದ್ದಳು. ಮೂರು ಸಲ ಕಳಿಸಿದಳು. ಮೂರೂ ಸಲ ಸರ್ ಅವರ ಹಿಡಿಕೆ ಎಡಕ್ಕೆ ತಿರುಗಿತು. ಕೊನೆಯ ಸಲ ಸರ್ ಬರೆದಿದ್ದರು: “ಇಂದುಮತಿ, ಮಮತೆ ಬೇರೆ, ಕೆಲಸ ಬೇರೆ. ಕೈ ಒಪ್ಪಲಿಲ್ಲ.” ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಆದರೆ ಸರ್ ಅವರ ಕೈ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ. ತಪ್ಪು ತನ್ನದೇ ಇರಬೇಕು ಎಂದುಕೊಂಡಿದ್ದಳು.

ಲ್ಯಾಬಿನ ಪಡಸಾಲೆಯಲ್ಲಿ ಐವತ್ತು ಜನ, ಗೋಡೆಯ ಸ್ಕ್ರೀನಿನಲ್ಲಿ ದೇಶವಿದೇಶದ ಐನೂರು ಮುಖ. ಸರ್ ಎದ್ದು ನಿಂತರು. ತುಂಬುತೋಳಿನ ಬಿಳಿ ಅಂಗಿ, ಎರಡೂ ಕೈ ಬೆನ್ನ ಹಿಂದೆ.

“ನನ್ನ ಜಾಗಕ್ಕ ಚೇತನ ಪಟ್ಟಣಶೆಟ್ಟಿ ಬರ್ತಾರ,” ಎಂದರು.

ಚೇತನ ಎರಡು ವರ್ಷದ ಹಿಂದೆ ಪುಣೆಯಿಂದ ಬಂದವನು. ಕೆಟ್ಟವನಲ್ಲ. ಮಾತು ಚೆನ್ನಾಗಿ ಬರುತ್ತಿತ್ತು, ಯಾವ ದೇಶದವರ ಹತ್ತಿರ ಯಾವ ನಗೆ ನಗಬೇಕು ಎಂಬುದೂ ಗೊತ್ತಿತ್ತು. ಪಡಸಾಲೆಯವರೆಲ್ಲ ಇಂದುಮತಿಯ ಮುಖ ನೋಡಿದರು. ಅವಳು ನೆಲದ ಹಾಸುಗಲ್ಲು ನೋಡಿದಳು.

“ಮನುಷ್ಯಾರು ಬರ್ತಾರ, ಹೋಗ್ತಾರ. ಕೈ ಉಳೀಬೇಕು,” ಸರ್ ಮುಂದುವರಿಸಿದರು. “ನನ್ನ ಒರೆಗೈನ ಈ ಪಟ್ಟಿಯೊಳಗ ಇಳಿಸೇನಿ. ಇನ್ನ ಮ್ಯಾಲ ಯಾರು ಕುರ್ಚಿ ಮ್ಯಾಲ ಕೂತ್ರೂ ಒರೆ ಹಚ್ಚೂದು ಇದ ಕೈ.”

ಚಪ್ಪಾಳೆ ಬಿತ್ತು. ಸ್ಕ್ರೀನಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. “ಇಂದುಮತಿ, ಪಟ್ಟಿ ಕಟ್ಟವಾ ಅವಗ,” ಎಂದರು ಸರ್, ಮನೆಯ ಮಗಳಿಗೆ ಹೇಳುವ ಹಾಗೆ. ಬೇರೆ ಯಾರಿಗೂ ಅದು ಸರಿಯಾಗಿ ಕಟ್ಟಲು ಬರುತ್ತಿರಲಿಲ್ಲ.

ಕಟ್ಟುವವರು ಮೊದಲು ತಮ್ಮ ಕೈಗೆ ಕಟ್ಟಿ, ಗುಂಡುಗಳೆಲ್ಲ ಚರ್ಮಕ್ಕೆ ತಾಗುತ್ತವೆಯೇ ನೋಡುವುದು ಲ್ಯಾಬಿನ ರೂಢಿ. ಒಳಕೋಣೆಯಲ್ಲಿ ಇಂದುಮತಿ ಕಟ್ಟಿಕೊಂಡಳು, ತಂಬಿಗೆ ಎತ್ತಿದಳು. ಜಗ್ಗಿಲ್ಲ. ಗುಂಡು ತಾಗಿಲ್ಲವೇನೋ ಎಂದು ಬಿಚ್ಚಿ, ಒದ್ದೆ ಬಟ್ಟೆಯಿಂದ ಕೈ ಒರೆಸಿ ಮತ್ತೆ ಕಟ್ಟಿದಳು. ನೀರು ಸುರಿದಳು. ಅಳೆಯುವ ಮುಳ್ಳು ಸೊನ್ನೆಯ ಮೇಲೆ ಸತ್ತಂತೆ ಬಿದ್ದಿತ್ತು. ಧಾರೆ ನಿಲ್ಲುವ ಮುಂಚೆ ಕಿರುಬೆರಳು ಎದ್ದು ನಿಂತಿತು. ಅದು ಅವಳದೇ ಚಾಳಿ. ಖಾನಾವಳಿಯಲ್ಲಿ ಮಜ್ಜಿಗೆ ಬಡಿಸುವಾಗ ಅವ್ವ ಅದಕ್ಕೇ ಬೈಯುತ್ತಿದ್ದಳು. ಆದರೆ ಈ ಸಲ ಬೆರಳು ಎತ್ತಿದ್ದು ತಾನೋ ಪಟ್ಟಿಯೋ ಅವಳಿಗೆ ತಿಳಿಯಲಿಲ್ಲ. ಇಬ್ಬರೂ ಒಂದೇ ಆಗಿದ್ದರು.

ಆಗ ನೆನಪಾಯಿತು. ಏಳೆಂಟು ವರ್ಷದ ಹಿಂದೆ ಸರ್ ಅವಳನ್ನು ಒರೆಮೇಜಿನ ಮುಂದೆ ಒಂದು ವಾರ ಕೂಡಿಸಿದ್ದರು. ಯಂತ್ರ ಸರಿ ಮಾಡಲು ಯಾರದಾದರೂ ಕೈ ಬೇಕು, ನಿನ್ನದನ್ನೇ ಕೊಡು ಎಂದಿದ್ದರು. ಅವಳು ಕೊಟ್ಟಿದ್ದಳು. ಹೆಸರಿಲ್ಲದೆ, ನಿಯಮದ ಪ್ರಕಾರ.

ಸರ್ ಹಿತ್ತಲ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಎರಡೂ ಕೈಯಿಂದ ಕಪ್ಪು ಹಿಡಿದಿದ್ದರು. ಆದರೂ ಚಹಾ ಬಸಿಗೆ ಚೆಲ್ಲಿತ್ತು. ಇಷ್ಟು ವರ್ಷ ಜೊತೆಗಿದ್ದೂ ಅವಳು ಅದನ್ನು ಕಂಡಿರಲಿಲ್ಲ.

“ಸರ್, ಇದು ನಿಮ್ಮ ಕೈ ಅಲ್ಲ.”

ಸರ್ ಕಪ್ಪು ಕೆಳಗಿಟ್ಟರು. ಸುಳ್ಳು ಹೇಳಲಿಲ್ಲ, ಅದೊಂದು ದೊಡ್ಡತನ.

“ಯಾವಾಗಿಂದ ಸರ್?”

“ನೀ ಕೊಟ್ಟ ವರ್ಷದಿಂದ. ಅದಕ್ಕ ಮೊದಲ ನಂದು ನಡಗಾಕ ಹತ್ತಿತ್ತು. ಒರೆಗಲ್ಲ ಸೀಳೇತಿ ಅಂತ ಗೊತ್ತಾದ್ರ ಬಂಗಾರ ಯಾರು ನಂಬ್ತಾರವಾ? ಬಾಗಲಾ ಹಾಕ್ಕೊಂಡು, ತೋಳಿನ ಒಳಗ ನಿನ್ನ ಪಟ್ಟಿ ಕಟ್ಗೊಂಡು ಕೂಡ್ತಿದ್ದೆ.”

“ನನಗ ಹೇಳಬಹುದಿತ್ತು.”

“ಹೇಳಿದ್ರ ಒಲ್ಲೆ ಅಂತಿದ್ದೇನು?”

“ಇಲ್ಲ.”

“ಮತ್ತ?”

ಆ ‘ಮತ್ತ’ ಅವಳ ಎದೆಗೆ ಒದ್ದಿತು. ಕೇಳಿದ್ದರೆ ಕೊಡುತ್ತಿದ್ದೆ ಎಂಬುದೇ ಕೇಳದೆ ತೆಗೆದುಕೊಳ್ಳಲು ಕಾರಣವಾಗಿಬಿಟ್ಟಿತ್ತು.

“ನನ್ನ ಸಡಿಲಾನ ಮೂರು ಸಲ ವಾಪಸ್ ಕಳಿಸಿದ್ರಿ.”

“ನಾ ಎಲ್ಲಿ ಕಳಿಸಿದೆ? ನಿನ್ನ ಕೈನ ಕಳಿಸ್ತು.”

ಅದೂ ನಿಜವೇ. ಏಳೆಂಟು ವರ್ಷದ ಹಿಂದೆ ಇಂದುಮತಿಯ ಕೈ ಬಿರುಸಿನದು. ಜೋರಾಗಿ ಜಗ್ಗಿದರೆ ಬೇಗ ಕಲಿಯುತ್ತಾರೆ ಎಂದು ನಂಬಿದ್ದ ಕೈ. ಅವ್ವ ಆಗ ಎರಡು ಕೊಡ ನೀರು ಒಟ್ಟಿಗೆ ಹೊರುತ್ತಿದ್ದಳು. ಸೋತ ಕೈ ಹೇಗಿರುತ್ತದೆ, ಬಾರದ ಕೈಯನ್ನು ಎಳೆದರೆ ಏನಾಗುತ್ತದೆ ಎಂಬುದನ್ನು ಆ ಕೈ ಕಂಡೇ ಇರಲಿಲ್ಲ.

“ಆತು. ಕೈ ನಂದ ಅಂದ ಮ್ಯಾಲ ಕುರ್ಚಿ ಚೇತನಗ ಯಾಕ ಸರ್?”

ಸರ್ ಅವಳನ್ನು ನೋಡಿದರು. ಪ್ರೀತಿಯಿಂದಲೇ ನೋಡಿದರು, ಅದೇ ಸಂಕಟ. “ನಿನ್ನ ಕೈ ನಮ್ಮ ಹತ್ರ ಇತ್ತಲ್ಲವಾ. ಮಾತಾಡಾವ ಒಬ್ಬ ಬೇಕಾಗಿತ್ತು.”

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ಅಪ್ಪನಿಲ್ಲದ ಮನೆಯಲ್ಲಿ ಬೆಳೆದ ಇಂದುಮತಿ ಈ ಮನುಷ್ಯನಲ್ಲಿ ಅಪ್ಪನನ್ನು ಕಂಡಿದ್ದಳು. ಅವರು ಅವಳಲ್ಲಿ ಕಂಡದ್ದು ಮೊಣಕೈಯಿಂದ ಕೆಳಗಿನಷ್ಟನ್ನು ಮಾತ್ರ. ಅವಳಿಗೆ ಬೈಗುಳ ಬಾಯಿಗೆ ಬಂತು, ಬೈಯಲಾಗಲಿಲ್ಲ. ಇನ್ನೂ ‘ಸರ್’ ಎನ್ನುತ್ತಿದ್ದ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು.

ಊಟದ ನಂತರ ಚೇತನ ಒರೆಗೈ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತ. ಮೊದಲ ದಿನವೇ ಏನಾದರೂ ಮಾಡಿ ತೋರಿಸಬೇಕಲ್ಲ. ‘ಬಿಗಿ’ ಎಂಬ ತನ್ನದೇ ಬದಲಾವಣೆಯನ್ನು ಒರೆಗಿಟ್ಟ. ಕೈ ಹೇಳಿದಂತೆ ಬಾರದಿದ್ದರೆ ಪಟ್ಟಿ ಇನ್ನಷ್ಟು ಜೋರಾಗಿ ಜಗ್ಗುತ್ತದೆ, ಆಗಲೂ ಬಾರದಿದ್ದರೆ ಇನ್ನೂ ಜೋರು. ಗಟ್ಟಿ ಕೈಯವರು ತಿಂಗಳ ಕೆಲಸವನ್ನು ವಾರದಲ್ಲಿ ಕಲಿಯುತ್ತಾರೆ. ಐನೂರು ಮುಖಗಳು ಹಿಗ್ಗಿದವು.

ಇಂದುಮತಿ ಎದ್ದು ನಿಂತಳು.

“ಇದನ್ನ ಒಪ್ಪಬ್ಯಾಡ್ರಿ. ಲಕ್ವಾ ಹೊಡೆದ ಕೈ ಬರೂದಿಲ್ಲ. ಅದು ಬರಲಾರದಕ್ಕ ಪಟ್ಟಿ ಇನ್ನೂ ಜಗ್ಗತೈತಿ. ಜಗ್ಗಿದಷ್ಟೂ ಕೈ ಸೆಟೀತೈತಿ, ಸೆಟೆದಷ್ಟೂ ಪಟ್ಟಿ ಜಗ್ಗತೈತಿ. ಕಡೀಕ ಎಲುಬ ಹೋಗತೈತಿ.”

“ಎಚ್ಚರಿಕೆ ಸೂಚನೆ ಹಾಕೋಣ ಮೇಡಂ,” ಎಂದ ಚೇತನ. “ಸೋತ ಕೈಯವರು ಡಾಕ್ಟರನ್ನು ಕೇಳಿ ಕಟ್ಟಿಕೊಳ್ಳಲಿ. ಉಳಿದದ್ದನ್ನು ಒರೆಗೈ ಹೇಳಲಿ.”

ಅವನ ಮಣಿಕಟ್ಟಿಗೆ ಹೊಸ ಪಟ್ಟಿ, ಮೊಣಕೈ ಕೆಳಗೆ ಒರೆಗೈ. ಸೂಜಿ, ನೀರು, ಹಿಟ್ಟು. ಹಿಡಿಕೆ ಸಲೀಸಾಗಿ ಬಲಕ್ಕೆ ತಿರುಗಿತು.

“ಆ ಕೈ ಸರ್ ಅವರದಲ್ಲ, ನಂದು!” ಎಂದಳು ಇಂದುಮತಿ. “ಅದೂ ಇಂದಿಂದಲ್ಲ, ಹಿಂದಿಂದು. ಬೇಕಾದ್ರ ನೋಡ್ರಿ.”

ಚೇತನನ ಕೈಯಿಂದ ಒರೆಗೈ ಬಿಚ್ಚಿ ಎಲ್ಲರ ಮುಂದೆ ತನ್ನ ಕೈಗೆ ಕಟ್ಟಿಕೊಂಡಳು, ತಂಬಿಗೆಯಿಂದ ನೀರು ಸುರಿದಳು. ಮುಳ್ಳು ಸೊನ್ನೆ ಬಿಟ್ಟು ಅಲುಗಲಿಲ್ಲ. ಸರ್ ತಲೆ ತಗ್ಗಿಸಿ ‘ಹೌದು’ ಎಂದರು. ಇನ್ನೇನು ಬೇಕು, ಸತ್ಯ ಗೆದ್ದಿತು ಎಂದುಕೊಂಡಳು ಇಂದುಮತಿ. ಒರೆಗೈ ಬಿಚ್ಚಿಟ್ಟು, ಬಿಗಿ ತುಂಬಿದ ಹೊಸ ಪಟ್ಟಿಯನ್ನಷ್ಟೇ ತನ್ನ ಇಂದಿನ ಕೈಗೆ ಕಟ್ಟಿಕೊಂಡು ಒರೆ ಹಚ್ಚಿದಳು. ಹಿಡಿಕೆಯನ್ನು ಎಡಕ್ಕೆ ತಿರುಗಿಸಿದಳು.

ಸ್ಕ್ರೀನಿನಲ್ಲಿ ಮೊದಲು ಮಾತಾಡಿದವಳು ವಿಯೆಟ್ನಾಮಿನ ಲಾನ್, ಆಸ್ಪತ್ರೆಯೊಂದರ ಹಿರಿಯ ನರ್ಸ್. ಇಂದುಮತಿಯ ಹತ್ತು ವರ್ಷದ ಗೆಳತಿ. “ಇಂದು, ನಿನಗೆ ಅನ್ಯಾಯವಾಗಿದೆ,” ಎಂದಳು. “ನಾವೆಲ್ಲ ಕ್ಷಮೆ ಕೇಳಬೇಕು. ಆದರೆ ಕೈ ಯಾರದು ಎಂದು ಈಗ ಕೇಳುವುದು ಸರಿಯೇ? ಕೈಗೆ ಹೆಸರಿಲ್ಲ ಎಂದು ಬರೆದವಳು ನೀನೇ. ನಾವು ನಂಬಿದ್ದು ಹಂಚಿನಾಳರನ್ನಲ್ಲ, ಆ ಕೈಯನ್ನು. ಇಷ್ಟು ವರ್ಷ ಅದು ಸುಳ್ಳಾಗಿಲ್ಲ.”

“ಲಾನ್, ಇವತ್ತಿನ ನನ್ನ ಕೈ ಬ್ಯಾಡ ಅಂತೈತಿ. ನೋಡಿದ್ರೆಲ್ಲ!” ಎಂದಳು ಇಂದುಮತಿ. ಧಾರವಾಡದ ಮಾತು ಲಾನ್‌ಗೆ ತಿಳಿಯದು ಎಂದು ನೆನಪಾಗಿ ಇಂಗ್ಲಿಷಿನಲ್ಲಿ ಮತ್ತೆ ಹೇಳಿದಳು.

“ಇವತ್ತಿನ ನಿನ್ನ ಕೈಯಲ್ಲಿ ಸಿಟ್ಟಿದೆ,” ಎಂದಳು ಲಾನ್, ಬಹಳ ಮೃದುವಾಗಿ. “ಹಳೆಯದರಲ್ಲಿ ಅದಿಲ್ಲ.”

ಯಾವ ಕೈಯ ಮಾತು ನಡೆಯಬೇಕು ಎಂದು ಮತಕ್ಕೆ ಹಾಕಿ ಕೈ ಎತ್ತಿದರು. ಇಂದುಮತಿಯ ಕಡೆ ಎತ್ತಿದವರೂ ಇದ್ದರು, ಸಾಲಲಿಲ್ಲ. ಬೇಕಾದರೆ ನೀವು ಬೇರೆ ಯೋಜನೆ ಶುರು ಮಾಡಬಹುದು, ಎಲ್ಲವೂ ತೆರೆದೇ ಇದೆ, ನಿಮ್ಮನ್ನು ತಡೆಯುವವರಿಲ್ಲ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೌದು, ಮಾಡಬಹುದಿತ್ತು. ಆದರೆ ಅಷ್ಟು ಕೈಗಳ ಮೇಲಿನ ಪಟ್ಟಿ ಕೇಳುವುದು ಈ ಹಿಡಿಕೆಯ ಮಾತನ್ನು ಮಾತ್ರ. ಸಂಜೆಯೊಳಗೆ ಬಿಗಿ ಎಲ್ಲ ಪಟ್ಟಿಗಳಿಗೂ ಇಳಿಯುತ್ತದೆ ಎಂದು ಚೇತನ ಸಾರಿದ. ಸಂಜೆಗೆ ಹೆಚ್ಚು ಹೊತ್ತಿರಲಿಲ್ಲ.

ಅವಳು ಚೀಲವನ್ನೂ ತೆಗೆದುಕೊಳ್ಳದೆ ಹೊರಗೆ ಓಡಿದಳು. ಆಟೋದಲ್ಲಿ ಕೂತು ಮನೆಗೆ ಫೋನು ಹಚ್ಚಿದಳು. ಅವ್ವ ಎತ್ತಲಿಲ್ಲ. ಹಿಟ್ಟಿನ ಕೈಯಲ್ಲಿ ಅವ್ವ ಎಂದೂ ಫೋನು ಎತ್ತಿದವಳಲ್ಲ. ಪಟ್ಟಿ ಬಿಚ್ಚಿದರೆ ಅವ್ವನ ಕೈ ಮತ್ತೆ ಜೋತುಬೀಳುತ್ತದೆ, ಬಿಚ್ಚದಿದ್ದರೆ ಮುರಿಯುತ್ತದೆ. ದಾರಿಯುದ್ದಕ್ಕೂ ಇಂದುಮತಿ ತನ್ನ ಬಲಗೈಯನ್ನು ಎಡಗೈಯಿಂದ ಅದುಮಿ ಹಿಡಿದುಕೊಂಡಿದ್ದಳು.

ಅವ್ವ ಸಂಜೆಯ ರೊಟ್ಟಿಗೆ ಕೂತಿದ್ದಳು. ಪಟ್ಟಿಯ ದೀಪ ಇನ್ನೂ ಹಳದಿ, ಇಳಿಸಿಕೊಳ್ಳುತ್ತಿತ್ತು.

“ಅವ್ವಾ, ಕೈ ಕೊಡು. ಪಟ್ಟಿ ಬಿಚ್ಚಬೇಕು.”

“ಯಾಕ? ಇನ್ನೂ ಮುಟಿಗಿ ಹಿಟ್ಟೈತಿ.”

“ಹೊಸಾದು ಬರಾಕತ್ತೈತಿ. ನಿನ್ನಂಥಾವರಿಗೆ ಅದು ಚಲೋ ಅಲ್ಲ. ಕೈ ಮುರೀತೈತಿ.”

ಅವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಕೆದರಿದ ತಲೆ, ಕೆಂಪು ಕಣ್ಣು. ಕೇಳದೆಯೇ ಅವ್ವನಿಗೆ ಸುದ್ದಿ ತಿಳಿಯಿತು.

“ಪಟ್ಟ ಸಿಗಲಿಲ್ಲೇನು?”

“ಅದು ಆಮ್ಯಾಲ ಮಾತಾಡೂಣವ್ವಾ, ಮೊದಲ ಕೈ ಕೊಡು.”

“ಹಂಚಿನಾಳ ಸರ್ ಕೈ ಒಪ್ಪೇತೋ ಇಲ್ಲೋ ಅದನ್ನ?”

ಇಂದುಮತಿ ಕೊಂಡಿಗೆ ಕೈ ಚಾಚಿದಳು, ಅವ್ವ ಕೈ ಸರಿಸಿಕೊಂಡು ಬಡಿಯುತ್ತಲೇ ಇದ್ದಳು.

“ಒಪ್ಪೇತಿ ಅಂದ್ರ ನೀ ಯಾಕ ಬ್ಯಾಡಂತಿ? ಸಿಟ್ಟು ಅವರ ಮ್ಯಾಲ ಇದ್ರ ಅವರ ಮುಂದ ತೋರಸು. ನನ್ನ ಪಟ್ಟಿ ಮ್ಯಾಲ ತೋರಸಬ್ಯಾಡ.”

“ಅವ್ವಾ, ಅದು ಸರ್ ಕೈ ಅಲ್ಲ!” ಇಂದುಮತಿ ಒಲೆಯ ಮುಂದೆ ಕುಸಿದಳು. ಬೆಳಗಿನಿಂದ ತಡೆದಿದ್ದ ಅಳು ಈಗ ಬಂತು. “ಅದು ನನ್ನ ಕೈ. ನನಗ ಹೇಳದ ಕೇಳದ ಇಷ್ಟು ವರ್ಷ ನನ್ನ ಕೈ ಕಟ್ಗೊಂಡು ಕೂತಿದ್ರು. ಇವತ್ತ ಅದನ್ನ ಒಪ್ಪಿದ್ದು ನನ್ನ ಕೈನ.”

ಅವ್ವ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ ಬೊಚ್ಚುಬಾಯಲ್ಲಿ ನಕ್ಕಳು. ಆ ನಗುವಿನಲ್ಲಿ ಹೆಮ್ಮೆಯಿತ್ತು.

“ಹಂಗಂದ್ರ ಇನ್ನೂ ಚಲೋ ಆತಲ್ಲ! ನನ್ನ ಮಗಳ ಕೈ ನನಗ್ಯಾಕ ಕೇಡ ಮಾಡೀತು?”

ಹಾಗೆಂದು ಸೋತ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಸೆರಗಿನ ತೆಳುವಿನ ಮೂಲಕ ಹಳದಿ ದೀಪ ಹಸಿರಾದದ್ದು ಕಾಣಿಸಿತು.

ಇಂದುಮತಿ ಸೆರಗು ಸರಿಸಿ ಅವ್ವನ ಮಣಿಕಟ್ಟನ್ನು ಹಿಡಿದಳು. ಅವ್ವ ಕೊಸರಿದಳು. ಅವಳು ಇನ್ನೂ ಗಟ್ಟಿಯಾಗಿ ಹಿಡಿದಳು. “ಬಿಡ ಇಂದೂ, ನೋಯ್ತೈತಿ!” ಎಂದು ಅವ್ವ ಚೀರಿದಳು. ಬಿಟ್ಟರೆ ಕೆಲಸ ಕೆಡುತ್ತಿತ್ತು. ಎಳೆದು, ಮೊಣಕಾಲಿನಿಂದ ಅದುಮಿ, ಕೊಂಡಿ ಕಿತ್ತು ಪಟ್ಟಿಯನ್ನು ಬಿಚ್ಚಿದಳು. ಅವ್ವನ ಕೈ ಹಿಟ್ಟು ನಾದುವ ಕೊಣಮಿಗೆಯೊಳಗೆ ಬಿತ್ತು. ಮಣಿಕಟ್ಟಿನ ಮೇಲೆ ಮಗಳ ಐದೂ ಬೆರಳು ಕೆಂಪಗೆ ಮೂಡಿದ್ದವು.

ಅವ್ವ ಆ ಕೈಯನ್ನು ಎತ್ತಲು ನೋಡಿದಳು. ಅದು ಬರಲಿಲ್ಲ. ಎಡಗೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು, ಕೂಸನ್ನು ಇಟ್ಟುಕೊಂಡಂತೆ.

“ಅವರು ನಿನ್ನ ಕೈ ಕಸಗೊಂಡ್ರು ಅಂತ, ನೀ ನಂದು ಕಸಗೊಂಡೆಲ್ಲ ಇಂದೂ,” ಎಂದಳು.

ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿತ್ತು. ಇಬ್ಬರಲ್ಲಿ ಯಾರೂ ಅದನ್ನು ತಿರುವಿ ಹಾಕಲಿಲ್ಲ.